ಫೋನಮ್ಮ

ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಸಮುದ್ರದಾಚೆಯ ಆ ದೊಡ್ಡ ಪಟ್ಟಣದಲ್ಲಿ ಕೆಲಸ ಸಿಕ್ಕಾಗ ಅವಳು ಒಂದೇ ಷರತ್ತು ಹಾಕಿದ್ದಳು: ಹೋದರೆ ನಾಲ್ಕೂ ಜನ ಒಟ್ಟಿಗೆ. ವರ್ಷಕ್ಕೊಮ್ಮೆ ನೆಂಟನ ಹಾಗೆ ಬಂದುಹೋಗುವ ಗಂಡ ತನಗೆ ಬೇಡ ಎಂದಿದ್ದಳು. ಅವನೂ ಸಂತೋಷದಿಂದಲೇ ಒಪ್ಪಿದ್ದ. ಮನೆ ಖಾಲಿ ಮಾಡಿ, ಹೊಲಿಗೆ ಮೆಷೀನನ್ನು ಅಕ್ಕನ ಮನೆಗೆ ಸಾಗಿಸಿ, ಇನ್ನೇನು ಹೊರಡಬೇಕು ಅನ್ನುವಾಗ ವೀಸಾಕ್ಕೆಂದು ತೆಗೆಸಿದ ಮಗಳ ಎದೆಯ ಎಕ್ಸ್‌ರೇಯಲ್ಲಿ ಒಂದು ಕಲೆ ಕಾಣಿಸಿತು.

ಮಗಳಿಗಾಗ ಮೂರು ವರ್ಷ. ಬಾಯಿ ಮುಚ್ಚಿದ್ದೇ ಇಲ್ಲದ ಹುಡುಗಿ, ಅದಕ್ಕೇ ಎಲ್ಲರಿಗೂ ಚಿನಕುರುಳಿ. "ಗಾಬರಿಯಾಗೋ ಅಂಥದ್ದೇನಿಲ್ಲ, ಆರು ತಿಂಗಳು ಮಾತ್ರೆ ಕೊಟ್ರೆ ವಾಸಿಯಾಗುತ್ತೆ" ಎಂದರು ಡಾಕ್ಟರು. ಆದರೆ ಆ ಆರು ತಿಂಗಳು ಮುಗಿಯುವ ತನಕ ಮಗುವನ್ನು ಒಳಗೆ ಬಿಡುವುದಿಲ್ಲ ಎಂದಿತು ಆ ದೇಶ. ಉಳಿದವರು ಈಗ ಬಾರದಿದ್ದರೆ ಸಂಸಾರಕ್ಕೆ ಸಿಕ್ಕ ಪರವಾನಗಿ ರದ್ದಾಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಹೇಳುವಂತಿಲ್ಲ ಎಂದಿತು ಕಂಪನಿ. ಕೈಯಲ್ಲಿ ಇನ್ನೂ ಹಾಲು ಬಿಡದ ಮಗ, ಗುಂಡ. ಅವಳು ಅತ್ತಳು, ಗಂಡನ ಜತೆ ಜಗಳವಾಡಿದಳು, ಊಟ ಬಿಟ್ಟಳು. ಕೊನೆಗೆ ಅಕ್ಕನೇ ಹೇಳಿದಳು.

"ಆರು ತಿಂಗಳು ತಾನೆ? ನನ್ನ ಹತ್ರ ಬಿಟ್ಟು ಹೋಗು. ನಮ್ಮನೇಲೂ ಒಂದಿಷ್ಟು ಗಲಾಟೆ ಇರ್ಲಿ."

ಅಕ್ಕನಿಗೆ ಮಕ್ಕಳಿರಲಿಲ್ಲ. ಸೈಕಲ್ ಅಂಗಡಿಯ ಭಾವ ಅಂದೇ ಹಳೆಯ ಸೈಕಲ್ಲೊಂದಕ್ಕೆ ಮುಂದೆ ಪುಟ್ಟ ಸೀಟು ಕೂರಿಸಿದ. ಹೊರಡುವ ದಿನ ಚಿನಕುರುಳಿ ಅದರ ಮೇಲೆ ಕೂತು ಬೀದಿ ಸುತ್ತಿ ಬರುವಷ್ಟರಲ್ಲಿ ಇವರು ಹೊರಟುಬಿಟ್ಟಿದ್ದರು.

ಹೊಸ ಪಟ್ಟಣದಲ್ಲಿ ಕಂಪನಿ ಕೊಟ್ಟ ಮನೆ ಆಕಾಶಕ್ಕೆ ಏಣಿ ಹಾಕಿದಷ್ಟು ಎತ್ತರದಲ್ಲಿತ್ತು. ಕಿಟಕಿ ಗೇಣುದ್ದ ಮಾತ್ರ ತೆರೆಯುತ್ತಿತ್ತು. ಕೆಳಗೆ ಜನ, ಬಸ್ಸು, ಕೊಡೆಗಳು, ಎಲ್ಲವೂ ಸಾಸಿವೆ ಚೆಲ್ಲಿದ ಹಾಗೆ. ಗಂಡ ಬೆಳಿಗ್ಗೆ ಹೋದರೆ ಗ್ರೀಸು ಮೆತ್ತಿದ ಕೈಯಲ್ಲಿ ಕತ್ತಲಾದ ಮೇಲೆ ಬರುತ್ತಿದ್ದ. ಅವಳು ಗುಂಡನನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಗೆ ಹೋಗಿ ಕೈಸನ್ನೆಯಲ್ಲೇ ಅಕ್ಕಿ, ತರಕಾರಿ ತರುತ್ತಿದ್ದಳು. ಅಲ್ಲಿನ ಹೆಂಗಸರು ಗುಂಡನ ಕೆನ್ನೆ ಹಿಂಡಿ, ಇವನೊಬ್ಬನೇ ಎಂಬಂತೆ ಒಂದು ಬೆರಳು ತೋರಿಸುತ್ತಿದ್ದರು. ಅವಳು ಎರಡು ಬೆರಳು ತೋರಿಸುತ್ತಿದ್ದಳು. ಆಗ ಅವರು ನಗುತ್ತ ಅವಳ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು, ಇನ್ನೊಂದು ಮಗು ಅಲ್ಲೆಲ್ಲೋ ಅಡಗಿರಬೇಕೆಂದು. ಕೆಲವು ದಿನಗಳಲ್ಲಿ ಅವಳು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಳು.

ಆರು ತಿಂಗಳು ಕಳೆದ ಮೇಲೂ ಕಲೆ ಪೂರ್ತಿ ಹೋಗಿರಲಿಲ್ಲ. ಮತ್ತೆ ಮಾತ್ರೆ, ಮತ್ತೆ ಎಕ್ಸ್‌ರೇ, ಆಮೇಲೆ ಕಚೇರಿಯವರ ಇವತ್ತು ನಾಳೆ. ಹೀಗೇ ಒಂದೂವರೆ ವರ್ಷ ಹೋಯಿತು. ಮೊದಮೊದಲು ಚಿನಕುರುಳಿ ಫೋನಿನಲ್ಲಿ ಅವಳ ಮುಖ ಕಂಡೊಡನೆ ಗಂಟಲು ಹರಿಯುವ ಹಾಗೆ ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಆಮೇಲೆ "ಆಟ ಆಡ್ಬೇಕು" ಎಂದು ಓಡಿಹೋಗತೊಡಗಿದಳು. ಪರದೆಯ ಮೇಲೆ ಖಾಲಿ ಗೋಡೆಯೊಂದು ಉಳಿಯುತ್ತಿತ್ತು. ಅಳದಿರುವುದೇ ಒಳ್ಳೆಯದಲ್ಲವೇ ಎಂದು ಗಂಡ ಸಮಾಧಾನ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಆದರೆ ಇದಕ್ಕಿಂತ ಆ ಅಳುವೇ ಮೇಲಾಗಿತ್ತು ಎಂದು ಅವಳ ಹೆತ್ತ ಹೊಟ್ಟೆಗೆ ಗೊತ್ತಿತ್ತು.

ಅಂತೂ ಅನುಮತಿ ಬಂತು. ಅಕ್ಕನೇ ಕರೆತರುವುದು, ಒಂದು ತಿಂಗಳಿದ್ದು ಮಗು ಹೊಂದಿಕೊಂಡ ಮೇಲೆ ವಾಪಸಾಗುವುದು ಎಂದಾಯಿತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ಕಾಣಿಸಿದಳು. ಅವಳ ಸೆರಗಿನ ಹಿಂದೆ ಎರಡು ಜಡೆಯ, ಕಾಲುದ್ದವಾದ ಹುಡುಗಿ. ಇವಳು ನೆಲಕ್ಕೆ ಕೂತು ಮಗಳತ್ತ ಕೈ ಚಾಚಿದಳು.

"ಹೋಗೇ, ಯಾರು ನೋಡು" ಎಂದಳು ಅಕ್ಕ.

ಹುಡುಗಿ ದಿಟ್ಟಿಸಿ ನೋಡಿದಳು. ಗುರುತು ಹತ್ತಿದ ಹಾಗೆ ಮುಖವರಳಿತು. "ಫೋನಮ್ಮ" ಎಂದಳು. ಆಮೇಲೆ ಅಕ್ಕನ ಸೆರಗು ಎಳೆದು, "ಅಮ್ಮ, ಮನೆಗೆ ಹೋಗೋಣ" ಎಂದಳು.

ಅಕ್ಕನ ಮುಖ ಸುಣ್ಣವಾಯಿತು. "ಎಷ್ಟು ಸಲ ಹೇಳಿದೀನಿ, ನಾನು ದೊಡ್ಡಮ್ಮ ಅಂತ" ಎಂದು ಗದರಿದಳು. ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಅವಳು ಮಗಳ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

ಲಿಫ್ಟ್ ಎಂದರೆ ಅಕ್ಕನಿಗೆ ಜೀವ ಬಾಯಿಗೆ ಬರುತ್ತಿತ್ತು. "ಇದನ್ನ ನೋಡ್ಕೊಳ್ಳೋದು ನಾನೇ ಅಕ್ಕ, ಧೈರ್ಯವಾಗಿ ಬನ್ನಿ" ಎಂದ ಗಂಡ. "ಅದಕ್ಕೇ ಹೆದರಿಕೆ. ಮದುವೆಯಾದ ಹೊಸದರಲ್ಲಿ ನೀವು ನಮ್ಮನೆ ಫ್ಯಾನ್ ರಿಪೇರಿ ಮಾಡಿದ್ದು ಮರೆತಿಲ್ಲ" ಎಂದಳು ಅಕ್ಕ. ಎಲ್ಲರೂ ನಕ್ಕರು. ಚಿನಕುರುಳಿ ಮಾತ್ರ ಅಕ್ಕನ ಕಾಲಿಗೆ ಅಂಟಿಕೊಂಡೇ ಇದ್ದಳು.

ಸ್ನಾನಕ್ಕೆ ದೊಡ್ಡಮ್ಮ ಬೇಕು, ತುತ್ತಿಗೆ ದೊಡ್ಡಮ್ಮ ಬೇಕು, ನಿದ್ದೆಗೂ ಅವಳ ಬೆನ್ನೇ ಬೇಕು. ಮಗಳಿಗೆಂದು ಇವಳು ಅಂದಾಜಿನ ಮೇಲೆ ಕೈಯಲ್ಲೇ ಹೊಲಿದಿಟ್ಟಿದ್ದ ಫ್ರಾಕು ಮೊಣಕಾಲು ಮುಟ್ಟಲೇ ಇಲ್ಲ. ಎರಡನೆಯ ವಾರ ಅಕ್ಕ ಬದಲಾದಳು. ಕಥೆ ಕೇಳಿದರೆ "ನನಗೆ ಬರಲ್ಲ, ನಿಮ್ಮಮ್ಮನ್ನ ಕೇಳು" ಅಂದಳು. ಎತ್ತಿಕೋ ಎಂದು ಬಂದರೆ ಕೊಡವಿ ದೂರ ತಳ್ಳಿದಳು. ಗಂಡನಿಗೆ ರಜೆಯಿದ್ದ ಒಂದು ಮಧ್ಯಾಹ್ನ ಚಿನಕುರುಳಿ ಹಾಲಿನ ಲೋಟ ಬೀಳಿಸಿದಾಗ ಬೆನ್ನಿಗೆ ಒಂದು ಏಟನ್ನೂ ಕೊಟ್ಟು ಬಾಗಿಲು ತೆರೆದು ಹೊರಗೆ ನಡೆದುಬಿಟ್ಟಳು.

ಮಗುವನ್ನು ಗಂಡನ ಕೈಗಿತ್ತು ಅವಳು ಹಿಂದೆಯೇ ಹೋದಳು. ಅಕ್ಕ ಮೆಟ್ಟಿಲ ಮೇಲೆ, ಯಾರದೋ ಒಡೆದ ಹೂಕುಂಡದ ಪಕ್ಕ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಯಾಕಕ್ಕ ಹೀಗೆ ಮಾಡ್ತಿದೀಯ?"

"ಇನ್ನು ಹೇಗೆ ಮಾಡ್ಲಿ, ಹೇಳು. ಮುದ್ದು ಮಾಡಿದ್ರೆ ನಿನ್ನ ಹತ್ರ ಬರಲ್ಲ."

"ಬರದಿದ್ರೆ ಬೇಡ. ಹೊಡೀಬೇಡ ಅವಳನ್ನ."

"ಹೊಡೆದೆ ನೋಡು" ಎಂದಳು ಅಕ್ಕ, ತನಗೇ ನಂಬಿಕೆಯಿಲ್ಲದವಳ ಹಾಗೆ. "ಆ ಕಹಿ ಮಾತ್ರೆ ನುಂಗಿಸುವಾಗ ನನ್ನ ಕೈ ಕಚ್ಚೋಳು. ಆಗ್ಲೂ ಹೊಡೆದಿರ್ಲಿಲ್ಲ ಕಣೇ."

ಅವಳು ಅಕ್ಕನ ಪಕ್ಕ ಕೂತಳು. ಬಾಯಿಗೆ ಬಂದಿತ್ತು, ಮಗುವನ್ನು ಕರೆದುಕೊಂಡು ಹೋಗು, ನೀನೇ ಸಾಕಿಕೋ ಎಂದು. ಹೇಳಲಿಲ್ಲ. ಹೇಳಿದ್ದರೆ ಅಕ್ಕ ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂಬ ಹೆದರಿಕೆ. ಅಕ್ಕ ಒಡೆದ ಹೂಕುಂಡದ ಚೂರುಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು.

ಅಕ್ಕ ಹೊರಟ ದಿನ ಚಿನಕುರುಳಿ ಗುಂಡನ ಜತೆ ಕೆಳಗಿನ ಜಾರುಬಂಡೆಯ ಹತ್ತಿರ ಆಡುತ್ತಿದ್ದಳು. ಹೇಳಿ ಹೋಗಲು ಅಕ್ಕ ಒಪ್ಪಲಿಲ್ಲ. ಕಟ್ಟಡದ ಹಿಂದಿನ ಬಾಗಿಲಿಂದ ಹೊರಬಿದ್ದು ಟ್ಯಾಕ್ಸಿ ಹತ್ತಿದಳು. ಮನೆಗೆ ಬಂದ ಹುಡುಗಿ ಕೋಣೆ, ಬಚ್ಚಲು, ಬೀರುವಿನ ಹಿಂದೆ ಎಲ್ಲ ಹುಡುಕಿದಳು. ಅಕ್ಕನ ಚಪ್ಪಲಿಯಿದ್ದ ಜಾಗವನ್ನು ನೋಡುತ್ತ ನಿಂತಳು. ಅಷ್ಟೇ. ಅಳಲಿಲ್ಲ. ಮಾತೂ ಆಡಲಿಲ್ಲ. ಬಾಗಿಲ ಮುಂದೆ ಕೂತಳು, ಕೂತಲ್ಲೇ ನಿದ್ದೆಹೋದಳು. ಎತ್ತಿ ಮಲಗಿಸಿದರೆ ಎದ್ದು ಮತ್ತೆ ಅಲ್ಲಿಗೇ. ತಾಯಿಯೂ ಒಂದು ಚಾಪೆ ತಂದು ಅಲ್ಲೇ ಹಾಸಿಕೊಂಡಳು. ತಟ್ಟೆ ಅಲ್ಲಿಗೇ ತಂದಳು. ಮುಟ್ಟಲು ಹೋಗಲಿಲ್ಲ, ಮುದ್ದಿಸಲೂ ಇಲ್ಲ, ಸುಮ್ಮನೆ ಪಕ್ಕದಲ್ಲಿದ್ದಳು. ದಿನಗಳು ಹೀಗೆ ಹೋದವು. ಫೋನು ಮಾಡಿದರೆ ಅಕ್ಕ ಎತ್ತುತ್ತಿರಲಿಲ್ಲ. ಭಾವ ಎತ್ತಿ, "ಈಗ ಅವಳ ದನಿ ಕೇಳಿಸಬೇಡಮ್ಮ, ಮಗು ಹೊಂದ್ಕೊಳ್ಳಲಿ" ಎನ್ನುತ್ತಿದ್ದ. ಸೈಕಲ್ಲಿನ ಪುಟ್ಟ ಸೀಟನ್ನು ಬಿಚ್ಚಿದಿರಾ ಎಂದು ಒಮ್ಮೆ ಗಂಡ ಕೇಳಿದ. "ಅದರ ಬೋಲ್ಟು ತುಕ್ಕು ಹಿಡಿದಿದೆ" ಎಂದ ಭಾವ.

ಮಗಳು ಮೊದಲು ಗುಂಡನ ಜತೆ ಮಾತಾಡಿದಳು. ಆಮೇಲೆ ಅಪ್ಪನ ಜತೆ. ಇವಳನ್ನು ಯಾವ ಹೆಸರಿಂದಲೂ ಕರೆಯದೆ, "ನೀರು ಬೇಕು", "ಜಡೆ ಹಾಕು" ಎನ್ನುವಷ್ಟಾಯಿತು. ಚಾಪೆ ಬಾಗಿಲಿಂದ ಕೋಣೆಗೆ ಬಂತು. ಹೊಸ ಶಾಲೆ ಶುರುವಾಯಿತು. ಒಂದು ಮಧ್ಯಾಹ್ನ ಅವಳು ಬಟ್ಟೆ ಮಡಿಸುತ್ತಿದ್ದಾಗ ಬಚ್ಚಲಿಂದ ಕೂಗು ಬಂತು.

"ಅಮ್ಮ, ಗುಂಡ ನನ್ನ ಬ್ರಶ್ಶು ಬಾಯಿಗೆ ಹಾಕ್ಕೊಂಡ."

ಅವಳು ನಿಂತಲ್ಲೇ ನಿಂತಳು. "ಅಮ್ಮಾ, ಬಾ, ಬೇಗ" ಎಂದು ಮತ್ತೆ ಕೂಗು. ಹೋಗಿ ಬ್ರಶ್ಶು ಕಿತ್ತುಕೊಂಡಳು, ಗುಂಡನನ್ನು ಗದರಿದಳು, ಮಗಳ ಮುಖ ಒರೆಸಿದಳು.

ಚಿಕ್ಕಂದಿನಿಂದಲೂ ಏನೇ ಒಳ್ಳೆಯದಾದರೂ ಮೊದಲು ಅಕ್ಕನಿಗೆ ಹೇಳಿ ಅಭ್ಯಾಸ. ಯೋಚನೆ ಮಾಡುವ ಮೊದಲೇ ಫೋನು ಕೈಯಲ್ಲಿತ್ತು. ಆಚೆಯಲ್ಲಿ ರಿಂಗಾಗತೊಡಗಿದ ಮೇಲೆ, ತಾನು ಯಾರಿಗೆ ಏನು ಹೇಳಹೊರಟಿದ್ದೇನೆಂದು ಅವಳಿಗೆ ಹೊಳೆಯಿತು. ಕತ್ತರಿಸಬೇಕು ಅನ್ನುವಷ್ಟರಲ್ಲಿ ಅಂದು ಅಕ್ಕನೇ ಎತ್ತಿದಳು.

"ಏನೇ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಬಚ್ಚಲಲ್ಲಿ ಚಿನಕುರುಳಿ ಏನೋ ಹಾಡಿಕೊಳ್ಳುತ್ತಿದ್ದಳು.

ಹಾಡು ಅಕ್ಕನ ಕಿವಿಗೂ ಬಿತ್ತು. ತಾನಾಗಿಯೇ ಕೇಳಿದಳು.

"ಕರೆದ್ಲಾ?"

"ಹೂಂ ಅಕ್ಕ."

"ಒಳ್ಳೇದಾಯ್ತು ಬಿಡು" ಎಂದಳು ಅಕ್ಕ. "ಒಳ್ಳೇದಾಯ್ತು. ಒಲೆ ಮೇಲೆ ಹಾಲಿಟ್ಟಿದೀನಿ ಕಣೇ, ಆಮೇಲೆ ಮಾತಾಡ್ತೀನಿ."

ಅದು ಅಕ್ಕನ ಮನೆಯಲ್ಲಿ ಒಲೆ ಆರಿಸಿ, ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕುವ ಹೊತ್ತು. ಅವಳಿಗದು ಗೊತ್ತಿತ್ತು. ಆದರೂ "ಸರಿ ಅಕ್ಕ, ಉಕ್ಕೀತು, ನೋಡ್ಕೋ ಹೋಗು" ಎಂದಳು. ಅಕ್ಕ ಫೋನು ಇಡಲಿಲ್ಲ. ಇವಳೂ ಇಡಲಿಲ್ಲ. ಬಚ್ಚಲಲ್ಲಿ ಹಾಡು ಮುಗಿಯುವ ತನಕ ಇಬ್ಬರೂ ಹಾಗೇ ಹಿಡಿದುಕೊಂಡಿದ್ದರು.