ಮುಚ್ಚಳದೊಳಗಿನ ಚೀಟಿ

ನಾನು ಒಂದು ಕಾಲುಪೆಟ್ಟಿಗೆ. ಸ್ಟೂಲಿನ ಮೇಲೆ ಕುಳಿತು, ಪಾದಗಳಿಂದ ತಿದಿ ಒತ್ತುತ್ತ, ಎರಡೂ ಕೈಗಳಿಂದ ನುಡಿಸುವ ಹಾರ್ಮೋನಿಯಂ. ೧೯೫೮ರಲ್ಲಿ ಮುಂಬೈಯ ಗಿರಗಾಂವದ ಒಂದು ಓಣಿಯಲ್ಲಿ ನನ್ನನ್ನು ಮಾಡಿದರು. ಮೈ ಸಾಗವಾನಿಯದು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಜರ್ಮನಿಯವು ಎಂದು ಅಂಗಡಿಯವನು ಗಿರಾಕಿಗಳಿಗೆ ಹೇಳುತ್ತಿದ್ದ. ಅವು ಗುಜರಾತಿನ ಪಾಲಿಟಾಣಾದಿಂದ ಬಂದವು. ನನ್ನ ವಿಷಯದಲ್ಲಿ ಯಾರಾದರೂ ಹೇಳಿದ ಮೊದಲ ಸುಳ್ಳು ಅದು.

ಮೊದಲ ನಾಲ್ಕು ವರ್ಷ ಸಾಂಗ್ಲಿಯ ಒಂದು ಮರಾಠಿ ನಾಟಕ ಮಂಡಳಿಯಲ್ಲಿದ್ದೆ. ಅದು ಮುಚ್ಚಿತು. ಬನದೇಶ್ವರ ಸಂಗೀತ ನಾಟಕ ಮಂಡಳಿಯ ಮಾಲೀಕರು ಗುರುಶಾಂತಪ್ಪನವರು ನನ್ನನ್ನು ಕೊಂಡು, ಗೋಣಿಚೀಲ ಸುತ್ತಿ, ರೈಲಿನಲ್ಲಿ ಗದಗಕ್ಕೆ ತಂದರು. ಅಲ್ಲಿಂದ ಮುಂದೆ ನನಗೆ ಒಂದು ಊರು ಎಂಬುದಿರಲಿಲ್ಲ. ಎರಡು ಮೂರು ತಿಂಗಳಿಗೊಂದು ಕ್ಯಾಂಪು. ಕ್ಯಾಂಪು ಮುಗಿದರೆ ತಗಡು, ಪರದೆ, ಕುರ್ಚಿಗಳ ಜೊತೆ ಲಾರಿ ಹತ್ತಬೇಕು. ಎಲ್ಲಿ ಹೋದರೂ ನನ್ನ ಜಾಗ ಮಾತ್ರ ಒಂದೇ: ರಂಗದ ಮುಂದೆ, ಮೊಳಕಾಲುದ್ದದ ತಗ್ಗಿನಲ್ಲಿ. ರಾಜರು, ರಾಣಿಯರು, ಸಾಹುಕಾರರು, ಕಳ್ಳರು, ಎಲ್ಲರನ್ನೂ ನಾನು ಕೆಳಗಿನಿಂದಲೇ ನೋಡಿದ್ದೇನೆ. ಕಿರೀಟಕ್ಕಿಂತ ಕಾಲ್ಬೆರಳುಗಳು ನನಗೆ ಹೆಚ್ಚು ಪರಿಚಿತ.

ನುಡಿಸುತ್ತಿದ್ದವರು ಮೌಲಾಸಾಬ್ ಮಾಸ್ತರರು. ಸಣ್ಣ ದೇಹ, ಉದ್ದ ಬೆರಳು, ಮಾತು ಕಡಿಮೆ. ನನ್ನ ಕೀಲಿಗಳಿಗೆ ನಾಟಕದವರು ಮನೆ ಎನ್ನುತ್ತಾರೆ; ಒಂದು ಸಪ್ತಕಕ್ಕೆ ಬಿಳಿ ಮನೆ ಏಳು, ಕರಿ ಮನೆ ಐದು. ಹಾಡುವವರ ಷಡ್ಜ ಯಾವ ಮನೆಯ ಮೇಲೆ ನಿಲ್ಲುತ್ತದೋ ಅದು ಅವರ ಶ್ರುತಿ. ಬಲಕ್ಕೆ ಹೋದಷ್ಟೂ ದನಿ ಏರಬೇಕು. ಯಾರದು ಯಾವ ಮನೆ ಎಂಬುದನ್ನು ಮಾಸ್ತರರು ಒಂದು ಚೀಟಿಯಲ್ಲಿ ಬರೆದು ನನ್ನ ಮುಚ್ಚಳದ ಒಳಮೈಗೆ ಅಂಟಿಸಿದ್ದರು.

೧೯೬೪ರಲ್ಲಿ ಅಮೀನಗಡದ ತುಳಜಾಬಾಯಿ ಕಂಪನಿಗೆ ಬಂದಳು. ಹದಿನೆಂಟು ವರ್ಷ. ಮಾಸ್ತರರು ಒಂದೊಂದೇ ಮನೆ ಏರಿಸುತ್ತ ಹೋದರು. ಅವಳು ನಗುತ್ತ ಹತ್ತಿದಳು. ಚೀಟಿಯಲ್ಲಿ ಮಸಿಯಿಂದ ಬರೆದರು: ತುಳಜಾಬಾಯಿ, ಕರಿ ೫. ಮರುವರ್ಷವೇ ಅವಳು ನಾಯಕಿಯಾದಳು. ಕೊನೆಯ ಬೆಂಚಿನವರಿಗೂ ಅವಳು ಹಾಡಿದ ಪದ ಕೇಳುತ್ತಿತ್ತು. ನಾಟಕ ಮುಗಿದ ಮೇಲೆ ಅವಳು ಕೆಳಗಿಳಿದು ನನ್ನ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೇರೆ ಯಾವ ರಾಣಿಯೂ ಹಾಗೆ ಮಾಡಲಿಲ್ಲ.

ಆಗ ಗಿರಣಿಯವರಿಗೆ ಯೂನಿಯನ್ ಇತ್ತು, ಬಸ್ಸಿನವರಿಗೆ ಇತ್ತು. ನಾಟಕದವರಿಗೆ ಇರಲಿಲ್ಲ. ಕರಾರು, ಕಾಗದ ಯಾವುದೂ ಇಲ್ಲ. ಮಾಲೀಕರ ಬಾಯಿಮಾತೇ ನೌಕರಿ. ಹೊಸ ಕ್ಯಾಂಪಿಗೆ ಹೋದಾಗ ಪೇಂಟರು ಥಿಯೇಟರಿನ ಮುಂದೆ ದೊಡ್ಡ ಬೋರ್ಡು ಬರೆಯುತ್ತಿದ್ದ. ಅದರಲ್ಲಿ ಹೆಸರಿದ್ದರೆ ಇದ್ದಂತೆ. ಇಲ್ಲದಿದ್ದವರು ಯಾರನ್ನೂ ಏನೂ ಕೇಳದೆ ಟ್ರಂಕು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದರು. ಅಂಥ ಟ್ರಂಕುಗಳನ್ನು ಎಷ್ಟೋ ಕಂಡಿದ್ದೇನೆ.

೧೯೭೨ರಲ್ಲಿ ಸಿಂಧನೂರು ಕ್ಯಾಂಪಿನಲ್ಲಿ ತುಳಜಾಬಾಯಿಗೆ ವಿಷಮಶೀತ ಜ್ವರ ಬಂತು. ಒಂದು ತಿಂಗಳು ಮಲಗಿ ಎದ್ದು ಬಂದವಳ ದನಿ, ತಾಲೀಮಿನಲ್ಲಿ ಮೇಲಿನ ಪಂಚಮಕ್ಕೆ ಹೋಗುವಾಗ ನಡುಗಿತು. ಅವಳ ಮುಖ ಬಿಳುಪೇರಿದ್ದನ್ನು ಮಾಸ್ತರರು ನೋಡಿದರು. ಅಂದು ಸಂಜೆಯ ಆಟದಲ್ಲಿ ಅವರ ಬೆರಳು ಕರಿ ಐದರ ಮೇಲೆ ಇಳಿಯಲಿಲ್ಲ. ಎಡಕ್ಕೆ ಒಂದು ಕೂದಲೆಳೆ ಸರಿದು, ಒಂದು ಮನೆ ತಗ್ಗಿನ ಬಿಳಿ ಆರರ ಮೇಲೆ ಕುಳಿತಿತು. ತಬಲಾದ ಕಲ್ಲಪ್ಪ ತಲೆ ಎತ್ತಿದ, ಮಾಸ್ತರರ ಮುಖ ನೋಡಿದ, ಸುತ್ತಿಗೆ ತೆಗೆದುಕೊಂಡು ತಬಲಾದ ಶ್ರುತಿಯನ್ನು ಅಷ್ಟೇ ಇಳಿಸಿದ.

ಪದ ಮೇಲಿನವರೆಗೂ ಸರಾಗವಾಗಿ ಹೋಯಿತು. ಆಟ ಮುಗಿದ ಮೇಲೆ ಅವಳು ಬಂದು ನನ್ನ ಪಕ್ಕದಲ್ಲಿ ನಿಂತಳು.

“ಮಾಸ್ತರ್, ಇವತ್ತ ದನಿ ಎಷ್ಟ ಹಗೂರ ಬಂತ ನೋಡ್ರಿ!”

“ಈ ಊರ ನೀರ ಚಲೋ ಐತಿ, ತಂಗಿ.”

೧೯೭೭ರಲ್ಲಿ ಕರಿ ನಾಲ್ಕು. ೧೯೮೧ರಲ್ಲಿ ಬಿಳಿ ಐದು. ೧೯೮೫ರಲ್ಲಿ ಕರಿ ಮೂರು. ಪ್ರತಿ ಸಲವೂ ಒಂದೇ ಮನೆ ಕೆಳಗೆ, ಪ್ರತಿ ಸಲವೂ ಹೊಸ ಊರಿನ ನೀರು. ಚೀಟಿಯನ್ನು ಮಾತ್ರ ಮಾಸ್ತರರು ತಿದ್ದಲಿಲ್ಲ. ಬರೆದರೆ ಹೇಳಿದಂತೆ, ಹೇಳಿದರೆ ಅದು ಮುಂದಿನ ಸಾಲಿನ ಕುರ್ಚಿಗೆ ಮುಟ್ಟುತ್ತದೆ. ಅಲ್ಲಿ ಮಾಲೀಕರು ಕೂಡುತ್ತಿದ್ದರು. ಅವರು ಪ್ರಾಯದಲ್ಲಿ ತಾವೇ ನಾರದನ ಪದ ಹಾಡಿದವರು. “ಎಳ್ಳಷ್ಟ ಶ್ರುತಿ ಸರದ್ರೂ ನನ್ನ ಕಿವಿಗಿ ಗೊತ್ತಾಗತೈತಿ” ಎಂದು ಎಲ್ಲರೆದುರು ಹೇಳುತ್ತಿದ್ದರು.

೧೯೮೬ರಲ್ಲಿ ಮುದ್ದೇಬಿಹಾಳಕ್ಕೆ ಹೊರಟಾಗ ಲಾರಿಯ ಹಿಂಬಾಗಿಲು ಕಳಚಿ ಮಾಸ್ತರರ ಬಲಗೈ ಮೇಲೆ ಬಿತ್ತು. ಮಣಿಕಟ್ಟು ಮುರಿಯಿತು; ಪ್ಲಾಸ್ಟರ್ ಹಾಕಿದರು. ಬದಲಿಗೆ ಬೇರೊಂದು ಕಂಪನಿಯಿಂದ ದೇವೇಂದ್ರ ಬಡಿಗೇರ ಎಂಬವನನ್ನು ಕರೆಸಿದರು. ಒಳ್ಳೆಯ ಕೈ. ಅದೇ ವರ್ಷ ವನಮಾಲಾ ಎಂಬ ಇಪ್ಪತ್ತು ವರ್ಷದ ಹುಡುಗಿಯೂ ಕಂಪನಿ ಸೇರಿದ್ದಳು. ಅವಳ ಶ್ರುತಿಯೂ ಕರಿ ಐದು. ಪೇಂಟರು ಬಂದು, ಬೋರ್ಡಿನಲ್ಲಿ ಯಾರ ಹೆಸರು ದೊಡ್ಡದು ಎಂದು ಕೇಳಿದ. ತುಳಜಾಬಾಯಿಗೆ ಆಗ ನಲವತ್ತು.

“ತಾಲೀಮ ಕೇಳಿ ಹೇಳತೀನಿ. ನಿಂದರು” ಎಂದರು ಮಾಲೀಕರು.

ಬೆಳಿಗ್ಗೆ ಹನ್ನೊಂದು ಗಂಟೆ. ಥಿಯೇಟರಿನ ತಗಡಿನ ಮಾಡಿನ ಕೆಳಗೆ ಸೆಕೆ. ದೇವೇಂದ್ರ ನನ್ನ ಮುಚ್ಚಳ ತೆರೆದು, ಚೀಟಿ ಓದಿ, ಕರಿ ಐದು ಹಿಡಿದ. ಆ ಸ್ವರ ಕೇಳಿದೊಡನೆ ತುಳಜಾಬಾಯಿಯ ಕಾಲ್ಬೆರಳುಗಳು ಹಲಗೆಯನ್ನು ಒತ್ತಿಹಿಡಿದವು. ಅದನ್ನು ಕಂಡವನು ನಾನೊಬ್ಬನೇ ಇರಬೇಕು. ಅವಳು ಹಾಡಿದಳು. ಮೇಲಿನ ಪಂಚಮದಲ್ಲಿ ದನಿ ಸೀಳಿತು.

“ಏನಾತು?” ಎಂದರು ಮಾಲೀಕರು.

“ನೆಗಡಿ ಆಗೇತ್ರಿ, ಧಣ್ಯಾರ.”

“ಇನ್ನೊಮ್ಮಿ ಹಾಡು.”

ಇನ್ನೊಮ್ಮೆಯೂ ಸೀಳಿತು. ಪೇಂಟರು ಬಣ್ಣದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಪಕ್ಕದ ಪರದೆಯ ಬಳಿ ನಿಂತಿದ್ದ ವನಮಾಲಾ ನೆಲ ನೋಡಿದಳು.

ಹಿಂದಿನ ಬೆಂಚಿನಲ್ಲಿ ಮಲಗಿದ್ದ ಮಾಸ್ತರರು ಕೊರಳಿಗೆ ಕಟ್ಟಿದ ಕೈ ಹೊತ್ತು ಬಂದರು. “ದೇವೇಂದ್ರಪ್ಪ, ಒಂದೀಟ ಏಳಪಾ.” ಕುಳಿತರು, ತಿದಿ ಒತ್ತಿದರು, ಎಡಗೈಯನ್ನು ಕರಿ ಮೂರರ ಮೇಲಿಟ್ಟರು. ಒಂದೇ ಕೈಯಲ್ಲಿ ನುಡಿಸಿದರು. ತುಳಜಾಬಾಯಿ ಕಣ್ಣು ಮುಚ್ಚಿ ಹಾಡಿದಳು. ಪಂಚಮ ಹೂವಿನಂತೆ ಬಂತು.

ದೇವೇಂದ್ರನಿಗೆ ಕಪಟ ಗೊತ್ತಿಲ್ಲ. “ಮಾಸ್ತರ್, ಚೀಟ್ಯಾಗ ಕರಿ ಐದ ಐತಿ. ನೀವು ಕರಿ ಮೂರ ಹಿಡದೀರಲ್ರಿ?” ಎಂದ. ಆ ಮಾತು ತಗಡಿನ ಮೂಲೆಮೂಲೆಗೂ ಕೇಳಿಸಿತು.

ಮಾಸ್ತರರು ದೇವೇಂದ್ರನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಎಡಗೈಯಿಂದಲೇ ಐದನ್ನು ಹೊಡೆದುಹಾಕಿ ಮೂರು ಬರೆದರು. ಅಂಕಿ ವಕ್ರವಾಗಿ ಬಂತು.

“ಎಷ್ಟ ದಿನದಿಂದ ನಡದೈತಿ ಇದು?” ಮಾಲೀಕರ ದನಿ ತಣ್ಣಗಿತ್ತು.

“ಹದಿನಾಕ ವರ್ಷ ಆತ್ರಿ. ಒಮ್ಮಿಗೇ ಅಲ್ಲ, ನಾಕ ಸಲ ಇಳಿಸೀನಿ.”

“ನನಗ ಒಂದ ಮಾತ ಹೇಳಲಾರದ?”

“ಮುಂದಿನ ಸಾಲಿನಾಗ ನೀವ ಕುಂತಿರತಿದ್ರಿ, ಧಣ್ಯಾರ. ನಿಮ್ಮ ಕಿವಿಗಿ ತಿಳದೇ ತಿಳದಿರತೈತಿ ಅಂದಕೊಂಡಿದ್ದೆ.”

ಕಲ್ಲಪ್ಪನಿಗೆ ಒಮ್ಮೆಗೇ ಕೆಮ್ಮು ಬಂತು. ಮಾಲೀಕರು ಅವನನ್ನು ನೋಡಿದರು, ಚೀಟಿ ನೋಡಿದರು, ಬಹಳ ಹೊತ್ತು ಮೀಸೆ ತಿರುವಿದರು. ತುಳಜಾಬಾಯಿಯನ್ನು ತೆಗೆದುಹಾಕಬಹುದಿತ್ತು. ಆದರೆ ಹದಿನಾಲ್ಕು ವರ್ಷ ಕಿವಿಗೆ ತಿಳಿಯಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡೇ ತೆಗೆಯಬೇಕಿತ್ತು.

“ತಿಳೀದ ಏನು? ಮೊದಲನೇ ದಿನಾನ ತಿಳದಿತ್ತ ನನಗ. ನೀವು ಯಾವಾಗ ಬಾಯಿ ಬಿಡತೀರಿ ಅಂತ ನೋಡಾಕತ್ತಿದ್ದೆ” ಎಂದವರೇ ಪೇಂಟರನತ್ತ ತಿರುಗಿದರು. “ನೀ ಏನ ಕಂಬಧಾಂಗ ನಿಂತಿ? ಹೋಗು, ತುಳಜಾಬಾಯಿ ಹೆಸರ ದೊಡ್ಡದ ಮಾಡಿ ಬರಿ.”

ಎಲ್ಲರೂ ಚದುರಿದ ಮೇಲೆ ಅವಳು ಕೆಳಗಿಳಿದು ಬಂದು ಎಂದಿನಂತೆ ಸೆರಗಿನಿಂದ ನನ್ನನ್ನು ಒರೆಸಿದಳು.

“ಸಿಂಧನೂರಿನಾಗಿಂದ ನನಗೂ ಗೊತ್ತಿತ್ರಿ, ಮಾಸ್ತರ್. ಸ್ಟೇಜಿನ ಮ್ಯಾಲಿಂದ ನಿಮ್ಮ ಕೈ ಕಾಣತಿತ್ತು.”

“ಮತ್ತ್ಯಾಕ ಸುಮ್ಮನಿದ್ದಿ?”

“ನೀವು ನೀರಿನ ಸುದ್ದಿ ಹೇಳತಿದ್ರಲ್ಲ. ಕೇಳಾಕ ಹಿತ ಅನಸತಿತ್ತು.”

ನಾಲ್ಕು ವರ್ಷ ಬಿಟ್ಟು ಅವಳೇ ಪೇಂಟರಿಗೆ ಹೇಳಿ ವನಮಾಲಾಳ ಹೆಸರನ್ನು ದೊಡ್ಡದಾಗಿ ಬರೆಸಿದಳು; ತಾನು ತಾಯಿಯ ಪಾತ್ರ ತೆಗೆದುಕೊಂಡಳು. ಹೇಳಿಸಿಕೊಂಡು ಇಳಿಯುವುದಕ್ಕೂ ತಾನಾಗಿ ಇಳಿಯುವುದಕ್ಕೂ ಇರುವ ಅಂತರ ದೊಡ್ಡದು. ೧೯೯೪ರಲ್ಲಿ ಮಾಸ್ತರರು ತೀರಿಕೊಂಡರು. ಎರಡು ವರ್ಷದಲ್ಲಿ ಕಂಪನಿಗೆ ಕರೆಂಟಿನ ಕೀಬೋರ್ಡು ಬಂತು. ೧೯೯೯ರಲ್ಲಿ ಕಂಪನಿಯೇ ನಿಂತಿತು. ನಾನು ತಗಡುಗಳ ಕೆಳಗೆ ಬಿದ್ದಿದ್ದೆ. ಇಲಿಗಳು ತಿದಿಯ ಚರ್ಮ ತಿಂದವು. ಗುಜರಿಯವನು ಬಂದು ನನ್ನ ಹಿತ್ತಾಳೆ ನೋಡಿ ಹೋದ. ಅವನು ಮತ್ತೆ ಬರುವ ಮೊದಲು ತುಳಜಾಬಾಯಿ ಬಂದು, ಮಾಲೀಕರ ಮಗನನ್ನು ಕೇಳಿ, ನನ್ನನ್ನು ಟಂಟಂ ಆಟೋದಲ್ಲಿ ಹೇರಿಸಿಕೊಂಡು ಬಂದಳು.

ಈಗ ಗದಗದ ಬಸ್ ಡಿಪೋದ ಹಿಂದಿನ ಓಣಿಯಲ್ಲಿ, ಅವಳ ಬಾಡಿಗೆ ಕೋಣೆಯ ಕಿಟಕಿಯ ಕೆಳಗೆ ಇದ್ದೇನೆ. ತಿದಿ ಹೊಸದು. ಎಡಗಾಲಿನದು ಈಗಲೂ ಸ್ವಲ್ಪ ಏದುಸಿರು ಬಿಡುತ್ತದೆ. ಅವಳ ಉಸಿರೂ ಅಷ್ಟೇ.

೨೦೦೯ರ ಒಂದು ಮಧ್ಯಾಹ್ನ ವನಮಾಲಾ ಬಂದಳು. ನಲವತ್ಮೂರರ ಹೆಂಗಸು, ಬೇರೊಂದು ಕಂಪನಿಯ ನಾಯಕಿ. ಚಹಾ ಕುಡಿದಳು, ಊರಿನ ಸುದ್ದಿ ಹೇಳಿದಳು. ಲೋಟ ಕೆಳಗಿಡುವಾಗ ಅಂದಳು:

“ಅಕ್ಕಾ, ನಮ್ಮ ಕಂಪನ್ಯಾಗ ಹೊಸಾ ಹುಡುಗಿ ಬಂದಾಳ.”

ತುಳಜಾಬಾಯಿ ಸ್ಟೂಲು ಎಳೆದುಕೊಂಡಳು. “ಹಾಡು, ಕೇಳೂಣು.”

ಮುಚ್ಚಳ ತೆರೆಯಿತು. ಚೀಟಿ ಕಂದಿದೆ, ಆದರೂ ಓದಬಹುದು: ವನಮಾಲಾ, ಕರಿ ೫. ಮುದುಕಿಯ ಬೆರಳು ಕರಿ ಐದರವರೆಗೆ ಹೋಯಿತು, ಅರೆಗಳಿಗೆ ನಿಂತಿತು, ಎಡಕ್ಕೆ ಸರಿದು ಬಿಳಿ ಆರರ ಮೇಲೆ ಕುಳಿತಿತು. ವನಮಾಲಾ ನಿಂತಲ್ಲಿಗೆ ಆ ಕೈ ಕಾಣುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನಾನು ಎಲ್ಲವನ್ನೂ ಕೆಳಗಿನಿಂದ ನೋಡುವವನು.

ಪದ ಎಲ್ಲೂ ಎಡವಲಿಲ್ಲ. ಕೊನೆಗೆ ವನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ದನಿ ಎಷ್ಟ ಹಗೂರ ಬಂತಲ್ಲ, ಅಕ್ಕಾ!”

“ನಮ್ಮ ಓಣಿ ನೀರ ಚಲೋ ಐತಿ” ಎಂದಳು ತುಳಜಾಬಾಯಿ. ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಅದೂ ಸವಳು.

ನನ್ನ ರೀಡುಗಳು ಸುಳ್ಳು ಹೇಳಲಾರವು. ಒತ್ತಿದ ಮನೆಯ ಸ್ವರವನ್ನೇ ನುಡಿಯುತ್ತವೆ. ಐವತ್ತು ವರ್ಷ ಮನುಷ್ಯರ ಪಾದದ ಬಳಿ ಇದ್ದು ಕಲಿತದ್ದೆಂದರೆ, ಯಾವ ಮನೆ ಒತ್ತಬೇಕೆಂಬುದನ್ನು ಕೈಗಳು ಆರಿಸುತ್ತವೆ.

ವನಮಾಲಾ ಹೋದ ಮೇಲೆ ತುಳಜಾಬಾಯಿ ಪೆನ್ಸಿಲ್ ಹುಡುಕಲಿಲ್ಲ. ನನ್ನನ್ನು ಒರೆಸಿ ಮುಚ್ಚಳ ಹಾಕಿದಳು. ಚೀಟಿಯಲ್ಲಿ ವನಮಾಲಾಳ ಹೆಸರಿನ ಮುಂದೆ ಈಗಲೂ ಕರಿ ೫ ಎಂದೇ ಇದೆ.