ಬಾಗಿಲಿಲ್ಲದ ಗಾಜಿನ ಖೋಲಿ

ಅದು ೧೯೭೩ರ ಚಳಿಗಾಲ. ಬಸವನ ಬಾಗೇವಾಡಿಯ ನಮ್ಮ ಮಣ್ಣಿನ ಮನೆಗೆ ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ಅತ್ತೆ ಗೋದೂಬಾಯಿಯವರಿಗೆ ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡುವುದಾಗುತ್ತಿರಲಿಲ್ಲ. ದಿನಾ ಮುಂಜಾನೆ ಒಂದು ತಾಸು ಬಿಸಿಲಿಗೆ ಕೂಡದಿದ್ದರೆ ಬರುವ ವರ್ಷ ಹಾಸಿಗೆ ಹಿಡಿಯುತ್ತಾರೆ ಎಂದು ವಿಜಾಪುರದ ಡಾಕ್ಟರು ಹೇಳಿದ್ದರು.

ಆದರೆ ಮುಂಜಾನೆ ಅತ್ತೆ ಮಡಿಯಲ್ಲಿರುವ ಹೊತ್ತು. ಹಿತ್ತಲಿಗೆ ಹೋದರೆ ಪಕ್ಕದ ಮನೆ ಜೈತುನಬಿಯ ಕೋಳಿಗಳು ಗಿಡ್ಡ ಗೋಡೆ ಹಾರಿ ಬಂದು ಮೈಲಿಗೆ ಮಾಡುತ್ತವೆಂದು ಒಳಗೇ ಕೂಡುತ್ತಿದ್ದರು. ಅದಕ್ಕೆ ನನ್ನ ಗಂಡ ವಾಸುದೇವ, ಪುಣೆಯ ಬಂಧುಗಳ ಮನೆಯಲ್ಲಿ ಕಂಡಂಥ ಗಾಜಿನ ಖೋಲಿಯೊಂದನ್ನು ಹಿತ್ತಲಲ್ಲಿ ಕಟ್ಟಿಸುವ ವಿಚಾರ ತೆಗೆದರು.

"ಛಲೋನ ಅದ. ಥಂಡಿ ಗಾಳಿ ಇಲ್ಲ, ಧೂಳಿಲ್ಲ," ಎಂದೆ. ಮರುಗಳಿಗೆ ನಮ್ಮ ಏಪ್ರಿಲ್ ನೆನಪಾಯಿತು. "ಆದ್ರ ಬ್ಯಾಸಗ್ಯಾಗ ಅತ್ತಿಯವ್ರು ಒಳಗ ಹಪ್ಪಳಾಗ್ತಾರ."

"ಕಟ್ಟಲೋ ಬ್ಯಾಡೋ? ಬಿ.ಎ. ಓದೀದಿ, ಒಂದ ಮಾತ ಹೇಳು."

ಬಿ.ಎ.ಯಲ್ಲಿ ನಾನು ಓದಿದ್ದು ಇತಿಹಾಸ.

ನಮ್ಮ ಪೇಚಾಟ ನೋಡಿ ಬಡಿಗ ಪರಮಾನಂದ ಯಾರೋ ಕೆಡವಿದ ಮನೆಯ ಗಾಜಿನ ಕಿಟಕಿಗಳನ್ನು ತಂದ. ಹಿತ್ತಲಿನ ಗೋಡೆಗೆ ಆನಿಸಿ ಎರಡು ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿದ. ಬಾಗಿಲಿನ ಕಡೆ ತೆರೆದೇ ಇತ್ತು. "ಕುಂತ್ ನೋಡ್ರಿ. ಮನಸಿಗೆ ಬಂದ್ರ ಖರೇ ಖೋಲಿ ಕಟ್ತೇನಿ," ಎಂದ.

ಮರುದಿನ ಅತ್ತೆ ನನ್ನ ಭುಜ ಹಿಡಿದು ಬಂದು ನೋಡಿದರು. ಮೆಚ್ಚಿದರು. ತಮ್ಮ ಒದ್ದೆ ಮಡಿಸೀರೆಯನ್ನು ಅದರೊಳಗೆ ಹರವಿ, "ಇಲ್ಲೆ ಯಾರೂ ಮುಟ್ಟೂದಿಲ್ಲ," ಎಂದು ಕತ್ತಲೆಯ ದೇವರಮನೆಗೆ ಮರಳಿದರು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಜೈತುನಬಿ ಗೋಡೆಯ ಮೇಲಿಂದ ಇಣುಕಿದಳು. "ಬಾಯಾರ, ನಿಮ್ಮ ಸೀರಿ ತಬ್ಬೇತ ಭಾಳ ಸುಧಾರಿಸೇತ್ರಿ. ನಿಮ್ಮ ಕಾಲ ಹೆಂಗದಾವು?"

"ಮೊದಲ ನಿನ್ನ ಕೋಳಿ ಸಂಭಾಳಿಸಿಕೋ."

"ಕೋಳಿಗೇನ ತಿಳೀತೈತ್ರಿ ಮಡಿ? ಖೋಲಿಗಿ ಬಾಗಲಾನೂ ಇಲ್ಲ. ಕಾಯಾಕ ಒಬ್ರು ಕುಂಡ್ರಬೇಕು ನೋಡ್ರಿ."

ಮರುದಿನ ಅತ್ತೆ ಖೋಲಿಯ ಮುಂದೆ, ತೆರೆದ ಬಿಸಿಲಿನಲ್ಲಿ ಮಣೆ ಹಾಕಿಸಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಕೂತರು. ಒಂದು ತಾಸು. ಗೋಡೆಯ ಆಚೆಯಿಂದ ಜೈತುನಬಿ ಮಾತಾಡಿಸುತ್ತಲೇ ಇದ್ದಳು.

ನಾನು ಗೋಡೆಯ ಹತ್ತಿರ ಹೋಗಿ ನೋಡಿದೆ. ಅವಳ ಕೋಳಿಗಳೆಲ್ಲ ದೊಡ್ಡ ಬುಟ್ಟಿಯೊಂದರ ಕೆಳಗಿದ್ದವು, ಬುಟ್ಟಿಯ ಮೇಲೆ ಕಲ್ಲು. ದಿನಾ ಹಾಗೆಯೇ. ದಿನಾ ಅತ್ತೆ ಖಾಲಿ ಗೋಡೆಯ ಕಡೆ ಕೋಲು ಬೀಸಿ "ಹುಶ್" ಅನ್ನುತ್ತಿದ್ದರು. ಅವರಿಗೆ ಬುಟ್ಟಿಯ ಸಂಗತಿ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಎರಡು ತಿಂಗಳ ಮೇಲೆ ಪರಮಾನಂದ ಬಂದಾಗ ಅತ್ತೆ ಮಣೆಯಿಂದ ಎದ್ದು, ಗೋಡೆ ಹಿಡಿಯದೆ, ಸೀರೆ ತೆಗೆಯಲು ಹೋಗುತ್ತಿದ್ದರು. ನನ್ನ ಗಂಡನಿಗೆ ಹಿಗ್ಗು. "ಗಾಜಿನ ಖೋಲಿ ಗುಣ ಕೊಟ್ಟದ. ಪಕ್ಕಾ ಕಟ್ಟಿಸೂಣು, ಬಾಗಿಲಾ ಹಚ್ಚಿ."

ಬಾಗಿಲು ಹಚ್ಚಿದರೆ ಕಾಯುವ ಕೆಲಸವಿಲ್ಲ. ಕಾಯುವ ಕೆಲಸವಿಲ್ಲದಿದ್ದರೆ ಬಿಸಿಲೆಲ್ಲ ಸೀರೆಗೆ. ಹಾಗಾದರೆ ಖೋಲಿ ಬೇಕೋ, ಬೇಡವೋ? ಬೇಕೇ ಬೇಕು, ಆದರೆ ಯಾರೂ ಕೂಡಲಿಕ್ಕಲ್ಲ. ಇದನ್ನು ಅತ್ತೆಯ ಎದುರು ಹೇಗೆ ಹೇಳುವುದು?

"ಕಟ್ಟು ಪರಮಾನಂದ," ಎಂದೆ. "ಬಾಗಿಲಾ ಮಾತ್ರ ಬ್ಯಾಡ."

"ಬಾಗಲಾ ಇಲ್ಲದ್ದು ಎಂಥಾ ಖೋಲಿರಿ ಅಕ್ಕಾರ?" ಎಂದು ಅವನು ತಲೆ ಕೆರೆದುಕೊಂಡ.

ಗೋಡೆಯಾಚೆ ಜೈತುನಬಿ ಬುಟ್ಟಿಯ ಕಲ್ಲು ತೆಗೆಯುತ್ತಿದ್ದಳು. ಅತ್ತೆ ಸೀರೆ ಮಡಚುತ್ತ, "ನನ್ನ ಸೊಸಿ ಹೇಳಿಧಂಗ ಮಾಡು," ಎಂದರು.