ಅಟ್ಟೆ ಮಾವನ ಮಂಡಿ ಹೇಳಿದ ಸುಳ್ಳು

ಕೂತು ಕೇಳುತ್ತಿರುವವರೇ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದ ನಾಲಿಗೆ ಬಿದ್ದುಹೋಗಲಿ.

ಮನೆಯ ಮುಂಗೋಣೆಯಲ್ಲೇ ಬೂಟಿಗೆ ಅಟ್ಟೆ ಹೊಡೆದು ರಿಪೇರಿ ಮಾಡುತ್ತಿದ್ದವನನ್ನು ಬೀದಿಯವರೆಲ್ಲ ಅಟ್ಟೆ ಮಾವ ಎನ್ನುತ್ತಿದ್ದರು. ಸವೆದ ಹಿಮ್ಮಡಿ ನೋಡಿದರೆ ಸಾಕು, ಆ ಮನುಷ್ಯ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ಹೆಂಡತಿಗೆ ಎಷ್ಟು ಹೆದರುತ್ತಾನೆ, ಎಲ್ಲ ಹೇಳಿಬಿಡುತ್ತಿದ್ದ. ತಾನೇ ಕುಂಟತೊಡಗಿದಾಗ ಮಾತ್ರ ಅವನ ಅನುಮಾನ ಬೂಟಿನ ಮೇಲೆ. ಎಡ ಹಿಮ್ಮಡಿಗೆ ಒಂದು ಪದರ ಚರ್ಮ ಹೊಡೆದ. ನೋವು ಹೋಗಲಿಲ್ಲ. ಇನ್ನೊಂದು ಹೊಡೆದ. ಏಳನೆಯ ಪದರಕ್ಕೆ ಗೋಡೆಯಾಚೆ ಪಕ್ಕದ ಮನೆಯವರ ಒಲೆ ಮೇಲೆ ಏನಿದೆಯೆಂದು ನಿಂತಲ್ಲಿಂದಲೇ ಕಾಣುತ್ತಿತ್ತು. ಕುಂಟು ಮಾತ್ರ ಹಾಗೇ ಇತ್ತು.

ಆಮೇಲೆ ಮಂಡಿಗೆ ಎಣ್ಣೆ, ಮಂಡಿಗೆ ಪಟ್ಟಿ, ಮಂಡಿಯದೇ ಎಕ್ಸ್‌ರೇ ಫೋಟೋ. ಎರಡು ವರ್ಷ ಹೋಯಿತು. ಗಿಡ್ಡ ಮಣೆಯ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಹೊಲಿಗೆ ಮಷೀನಿಗೆ ಬಟ್ಟೆ ಹೊದಿಸಿಟ್ಟ. ಮೂವತ್ತು ವರ್ಷದಲ್ಲಿ ಅದರ ಸದ್ದು ನಿಂತಿದ್ದು ಅದೇ ಮೊದಲು.

ಮಾರನೆಯ ದಿನ ಆರೋಗ್ಯ ಕೇಂದ್ರದ ನರ್ಸ್ ಹರಿದ ಚಪ್ಪಲಿ ಹಿಡಿದು ಬಂದಾಗ, ಹೆಂಡತಿ ಅವನ ಕಾಲಿಗೆ ಕಾಲುಚೀಲ ತೊಡಿಸುತ್ತಿದ್ದಳು.

“ಏನ್ ಮಾವ, ಮಹಾರಾಜರ ಸೇವೆ ನಡೀತಿದೆ?”

“ಬಗ್ಗಕ್ಕಾಗಲ್ಲ ತಾಯಿ. ಮಂಡಿ ನೋವು.”

“ಎಲ್ಲೆಲ್ಲಿ ನೋವು, ಕೈಯಿಟ್ಟು ತೋರ್ಸಿ.”

ಅವನು ಮಂಡಿ ಮುಟ್ಟಿದ. ಕೈ ತೊಡೆಯ ಮೇಲೆ ಏರುತ್ತ ತೊಡೆಸಂದಿಗೆ ಹೋಗಿ ನಿಂತಿತು.

“ಬೆಳಿಗ್ಗೆ ಬಿಗಿ ಹಿಡಿಯತ್ತಾ?”

“ಸ್ವಲ್ಪ ಹೊತ್ತು. ಓಡಾಡಿದ್ರೆ ಬಿಡತ್ತೆ.”

“ಇದು ಮಂಡೀದಲ್ಲ ಅನ್ಸತ್ತೆ. ನಾಳೆ ಡಾಕ್ಟರಮ್ಮನ ಹತ್ರ ಬನ್ನಿ.”

“ಬಂದು? ಮಂಡಿ ಫೋಟೋನೇ ಒಂದು ಕಟ್ಟಿದೆ. ನಮ್ ಮದುವೇಲೂ ಅಷ್ಟು ತೆಗ್ಸಿಲ್ಲ.”

“ಹೋಗ್ಬನ್ನಿ,” ಎಂದಳು ಹೆಂಡತಿ, ತಲೆಯೆತ್ತದೆ. “ಮಷೀನಿಗೆ ಬಟ್ಟೆ ಹೊದಿಸಿದ್ದು ನೋಡ್ದೆ. ಕೆಲಸ ಬಿಟ್ರೆ ನೀವು ಉಳಿಯಲ್ಲ.”

ಮಾರನೆಯ ಬೆಳಿಗ್ಗೆ ಅಟ್ಟೆ ಮಾವ ಫೋಟೋ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಡಾಕ್ಟರಮ್ಮ ಫೋಟೋ ಕಟ್ಟನ್ನು ಪಕ್ಕಕ್ಕಿಟ್ಟು, ಮೊದಲು ಅವನನ್ನು ನಡೆಸಿ ನೋಡಿದರು. ಮಂಡಿ ಒತ್ತಿದರು; ನೋಯಲಿಲ್ಲ. ಮಲಗಿಸಿ, ಬಲಗಾಲು ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಸಲೀಸಾಗಿ ಬಂತು. ಎಡಗಾಲು ಅರ್ಧಕ್ಕೇ ನಿಂತುಬಿಟ್ಟಿತು. ಅವನು ತೊಡೆಸಂದಿ ಹಿಡಿದುಕೊಂಡು ಹಲ್ಲು ಕಚ್ಚಿದ.

“ತೊಡೆಮೂಳೆ ಸೊಂಟಕ್ಕೆ ಸೇರತ್ತಲ್ಲ, ಆ ಕೀಲು ಸವೆದಿರೋ ಹಾಗಿದೆ. ಅದರ ನೋವೇ ಮಂಡಿಗೂ ಇಳಿಯೋದು. ಸೊಂಟದ ಎಕ್ಸ್‌ರೇನೂ ನೋಡೋಣ.”

“ಅಂಗಡಿ ಮುಚ್ಬೇಕಾ?” ಎಂದ ಅವನು.

“ಸವೆದದ್ದು ಹೊಸದಾಗಲ್ಲ. ಆದ್ರೆ ವ್ಯಾಯಾಮ ಮಾಡಿ, ಬಲಗೈಲಿ ಕೋಲು ಹಿಡೀರಿ, ಎತ್ತರದ ಸ್ಟೂಲ್ ಮೇಲೆ ಕೂತು ಹೊಲೀರಿ. ಮಾತ್ರೆ ಹೇಳಿದಷ್ಟೇ. ಇದ್ಯಾವುದಕ್ಕೂ ನೋವು ಬಗ್ಗದಿದ್ರೆ ಆಪರೇಷನ್ ಇದೆ. ಮುಚ್ಚೋದ್ಯಾಕೆ?”

ಎಕ್ಸ್‌ರೇಯೂ ಅದನ್ನೇ ಹೇಳಿತು. ಕುಂಟು ಪೂರ್ತಿ ಹೋಗಿಲ್ಲ. ಆದರೆ ಮೂರು ತಿಂಗಳಿಗೆ ಅವನು ತನ್ನ ಕಾಲುಚೀಲ ತಾನೇ ಹಾಕಿಕೊಂಡ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಮಷೀನಿನ ಸದ್ದು ಕೇಳಿತು.

ತೊಡೆಸಂದಿಯಲ್ಲಿ ನೋವು, ಕುಂಟು, ಕಾಲುಚೀಲ ಹಾಕಲು ಬಗ್ಗಲಾಗದ ಕಷ್ಟ ನಿಮಗೂ ಇದೆಯೇ? ಮಂಡಿಗೆ ಎಣ್ಣೆ ತಿಕ್ಕುತ್ತ ವರ್ಷ ಕಳೆಯಬೇಡಿ. ವೈದ್ಯರ ಮುಂದೆ ನಡೆದು ತೋರಿಸಿ. ಸೊಂಟದ ಕೀಲನ್ನೂ ತಿರುಗಿಸಿ ನೋಡಿ ಎಂದು ಕೇಳಿ. ಬಿದ್ದು ಪೆಟ್ಟಾಗಿದ್ದರೆ, ಜೊತೆಗೆ ಜ್ವರವಿದ್ದರೆ ಅವತ್ತೇ ಹೋಗಿ. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಹಲ್ಲು ಕಚ್ಚಿಕೊಂಡು... ಓ ಅಕ್ಕಾ, ಹಿಂದಿನ ಸಾಲಿನವರೇ, ಆಗಿನಿಂದ ತೊಡೆ ಒತ್ತಿಕೊಳ್ಳುತ್ತಿದ್ದಿರಿ, ಎದ್ದು ಎಲ್ಲಿಗೆ ಹೊರಟಿರಿ? ಆರೋಗ್ಯ ಕೇಂದ್ರಕ್ಕಾದರೆ ಆ ಕಡೆಯಲ್ಲ, ಎಡಕ್ಕೆ ತಿರುಗಿ, ಅಲ್ಲಿಂದ ನೇರ ಹೋಗಿ.